ಅಪ್ಪನ ದನಿಗೆ ಒಂದು ಫ್ಲಾಪಿ

ನಾನು ಚಿಕ್ಕವನಿದ್ದಾಗ ನನ್ನ ಮೈಯಲ್ಲಿ ದೊಡ್ಡದಾಗಿ ಬೆಳೆದಿದ್ದು ಬಾಯಿ ಒಂದೇ. ಈಗಲೂ ಹಾಗೇ ಅಲ್ಲವಾ ಅಂತ ಕಿಸಕ್ಕನೆ ನಗಬೇಡಿ ಮಕ್ಕಳೇ. ನೀವು ಅಜ್ಜ ಅಂತ ಕರೆಯುತ್ತೀರಿ, ನಾನು ಓಗೊಡುತ್ತೇನೆ, ಅಷ್ಟೇ. ನಿಜಕ್ಕೂ ನಾನು ನಿಮ್ಮಜ್ಜಿಯ ತಮ್ಮ. ನನ್ನ ತಲೆಯ ಮೇಲೆ ಕಪ್ಪು ಕೂದಲಿಗೆ ಇನ್ನೂ ಬಹುಮತವಿದೆ.

ಆ ಬಾಯಿಂದ ನಾನು ಮಾಡದ ಸದ್ದಿರಲಿಲ್ಲ. ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆ. ಬೀದಿಗೆ ಬರುವ ಸೊಪ್ಪಿನವಳ ಕೂಗು, ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ ಎಳೆಯುವ 'ರೈಟ್', ಪಕ್ಕದ ಮನೆಯ ತಮಿಳು ಅಜ್ಜಿ ಮೊಮ್ಮಗನನ್ನು ಬೈಯುವ ರಾಗ, ಎಲ್ಲವನ್ನೂ ಕೇಳಿದ ಮರುಗಳಿಗೆಯಲ್ಲೇ ಮಾಡಿ ತೋರಿಸುತ್ತಿದ್ದೆ. ಒಂದು ಸಲ ಹೆಡ್‌ಮೇಷ್ಟ್ರ ಕೆಮ್ಮನ್ನು ಎಷ್ಟು ಚೆನ್ನಾಗಿ ಕೆಮ್ಮಿದೆನೆಂದರೆ ಇಡೀ ತರಗತಿ ಎದ್ದು ನಿಂತುಬಿಟ್ಟಿತು. ಅದರ ಹಿಂದೆಯೇ ನಿಜವಾದ ಕೆಮ್ಮು ಬಾಗಿಲಲ್ಲಿ ಬಂದು ನಿಂತಿತು. ಆಮೇಲೆ ನನ್ನ ಬೆನ್ನು ಮಾಡಿದ ಸದ್ದನ್ನು ಮಾತ್ರ ನಾನು ಯಾರಿಗೂ ಮಾಡಿ ತೋರಿಸಿಲ್ಲ. ಯಾರಾದರೂ ಮಾತಾಡಲು ಶುರು ಮಾಡಿದರೆ ಸಾಕು, ನನ್ನ ತುಟಿ ತಾನಾಗಿ ಅವರ ಹಿಂದೆ ಓಡುತ್ತಿತ್ತು, ಅವರು ಅಂದದ್ದನ್ನೇ ಪಿಸುಗುಡುತ್ತಾ. ಅದನ್ನು ತಡೆಯುವುದು ನನ್ನ ಕೈಲಿರಲಿಲ್ಲ.

ನನ್ನ ಬಾಯಿಗೆ ಸಿಗದೆ ಉಳಿದಿದ್ದು ಅಪ್ಪನ ದನಿಯೊಂದೇ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ. ಮೇಲೆ ಕ್ರೇನ್ ಓಡುವಾಗ ಕೆಳಗೆ ನಿಂತು ಅದರ ಡ್ರೈವರನಿಗೆ ಕೈಸನ್ನೆ ಕೊಡುವ ಕೆಲಸ. ಅಷ್ಟು ಎತ್ತರದಲ್ಲಿ ಕೂತವನಿಗೆ ಆ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ತೋಳೆತ್ತಿ ಬೆರಳನ್ನು ಗಾಳಿಯಲ್ಲಿ ಸುತ್ತಿದರೆ 'ಮೇಲಕ್ಕೆತ್ತು'. ಬೆರಳು ನೆಲದ ಕಡೆ ಸುತ್ತಿದರೆ 'ಇಳಿಸು'. ಮುಷ್ಟಿ ಬಿಗಿದರೆ 'ನಿಲ್ಲು'. ಆದರೆ ಕಾದ ಕಬ್ಬಿಣ ತೂಗುತ್ತಾ ಬರುವಾಗ ಅದರ ದಾರಿಯಲ್ಲಿ ನಿಂತವರನ್ನು ಸರಿಸಲು ದನಿಯೇ ಬೇಕು. 'ಸರೀರಪ್ಪೋ' ಅಂತ ಅಪ್ಪ ಕೂಗಿದರೆ ಅಷ್ಟು ಗದ್ದಲದ ನಡುವೆಯೂ ಜನ ಎರಡು ಪಾಲಾಗಿ ದಾರಿ ಬಿಡುತ್ತಿದ್ದರಂತೆ. ಅದೇ ದನಿ ಮನೆಗೂ ಬರುತ್ತಿತ್ತು. ಅಪ್ಪ ಗುಟ್ಟು ಹೇಳಿದರೆ ಮೂರು ಮನೆಯಾಚೆಗೂ ಗೊತ್ತಾಗುತ್ತಿತ್ತು. ಅವನ ಎಳೆತ, ನಿಲುಗಡೆ, ಮಾತಿನ ಕೊನೆಗೆ ಹಾಕುವ 'ಹೂಂ' ಎಲ್ಲವೂ ನನಗೆ ಬರುತ್ತಿತ್ತು. ಆ ತೂಕ ಮಾತ್ರ ಬರುತ್ತಿರಲಿಲ್ಲ. ದೊಡ್ಡವನ ಅಂಗಿ ತೊಟ್ಟ ಪುಟ್ಟ ಹುಡುಗನ ಹಾಗೆ ಕೇಳಿಸುತ್ತಿತ್ತು.

ಇನ್ನು ಅಕ್ಕ, ಅಂದರೆ ನಿಮ್ಮಜ್ಜಿ. ಅವಳಿಗೆ ಆಗ ಪಿಯುಸಿ ಮುಗಿದಿತ್ತು. ಹೊಳಲೂರಿನ ಮನೆಗೆ ಮದುವೆ ಗೊತ್ತಾಗಿತ್ತು. ಮದುವೆಯ ತನಕ ಸುಮ್ಮನೆ ಕೂರುವುದೇಕೆ ಅಂತ ಶಿವಮೊಗ್ಗದ ಒಂದು ಕಂಪ್ಯೂಟರ್ ತರಗತಿಗೆ ಸೇರಿದ್ದಳು. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಮಧ್ಯಾಹ್ನ ಬಂದು, ಕಲಿತದ್ದನ್ನು ಸಂಜೆ ನಮ್ಮ ಅಡುಗೆಮನೆಯಲ್ಲಿ ಕಲಿಸುತ್ತಿದ್ದಳು. ಕಂಪ್ಯೂಟರ್ ನೋಡದ ನಾವು ಅದನ್ನು ಸಾರಿನ ಪರಿಮಳದ ನಡುವೆ ಕಲಿತೆವು.

ಅವಳ ಪ್ರಕಾರ ಲೋಕದಲ್ಲಿ ಎರಡೇ ಜಾತಿಯ ಸಾಮಾನು. ಕಂಪ್ಯೂಟರಿಗೆ ಸುದ್ದಿ ಒಳಗೆ ಕೊಡುವಂಥವು, ಕಂಪ್ಯೂಟರಿನ ಸುದ್ದಿ ಹೊರಗೆ ತರುವಂಥವು. ಒಳಗೆ ಕೊಡುವುದು ಇನ್‌ಪುಟ್: ಕೀಬೋರ್ಡು, ಮೌಸು, ಮೈಕು. ಹೊರಗೆ ತರುವುದು ಔಟ್‌ಪುಟ್: ಮಾನಿಟರ್ ಅನ್ನುವ ಪರದೆ, ಪ್ರಿಂಟರು, ಸ್ಪೀಕರು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು. ನಡುವೆ ಒಂದು ಪೆಟ್ಟಿಗೆ, ಅದು ಯೋಚನೆ ಮಾಡುತ್ತದೆ. ನಾನು ಮನೆಯವರನ್ನೆಲ್ಲ ಅದರಲ್ಲಿ ತುಂಬಿಸಿದೆ. ಅಮ್ಮ ಪ್ರಿಂಟರು, ಒಂದು ಸಲ ಶುರುವಾದರೆ ಕಾಗದ ಮುಗಿಯುವ ತನಕ ನಿಲ್ಲುವುದಿಲ್ಲ. ಅಪ್ಪ ಸ್ಪೀಕರು, ಸಣ್ಣಗೆ ಮಾಡುವ ತಿರುಗಣೆ ಇಲ್ಲ. ನಾನು ಯಾವುದು ಅಂತ ಕೇಳಿದರೆ ಅಕ್ಕ ಅಂದಳು, "ನೀನು ಮೈಕೂ ಹೌದು, ಸ್ಪೀಕರೂ ಹೌದು. ನಡುವೆ ಪೆಟ್ಟಿಗೆ ಇಲ್ಲ ಅಷ್ಟೇ." ಅಮ್ಮ ಸೌಟು ಹಿಡಿದುಕೊಂಡೇ ನಕ್ಕಳು. ನನಗೂ ನಗು ಬಂತು, ಆದರೆ ಸಿಟ್ಟು ಬಂದವನ ಹಾಗೆ ಕೂತೆ.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಗಂಟಲು ಕಟ್ಟಿತು. ಶೀತ ಅಂದುಕೊಂಡೆವು. ಶುಂಠಿ, ಮೆಣಸು, ಜೇನುತುಪ್ಪ, ಬಿಸಿನೀರಿಗೆ ಉಪ್ಪು, ಎಲ್ಲ ಆಯಿತು. ದನಿ ಮಾತ್ರ ದಿನದಿನಕ್ಕೆ ತೆಳ್ಳಗಾಗಿ, ತುಕ್ಕು ಹಿಡಿದ ಬಾಗಿಲು ತೆಗೆದ ಹಾಗೆ ಕರಕರ ಅನ್ನತೊಡಗಿತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿಗೆ ಪುಟ್ಟ ಕನ್ನಡಿ ಇಳಿಸಿ ನೋಡಿದ ಡಾಕ್ಟರು ಬೀಡಿ ಅಂದರು. ಅಮ್ಮ ದೃಷ್ಟಿ ಅಂದಳು. ಏನಾದರೇನು, ಒಳಗೆ ಗಡ್ಡೆ ಬೆಳೆದಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ತೀರ್ಮಾನವಾಯಿತು. ದಸರಾ ಮುಗಿದ ಮಾರನೆಯ ದಿನ ಬಂದು ಸೇರಿಕೊಳ್ಳಿ, ಅಲ್ಲಿಯ ತನಕ ಗಂಟಲಿಗೆ ಶ್ರಮ ಕೊಡಬೇಡಿ ಎಂದು ಹೇಳಿ ಕಳಿಸಿದರು.

ಅಕ್ಕನ ಮದುವೆ ದೀಪಾವಳಿ ಕಳೆದ ಮೇಲೆ ಇತ್ತು. ನಮ್ಮ ಕಡೆ ಮದುವೆ ಮುಗಿದು ಹೆಣ್ಣು ಹೊರಡುವಾಗ ಅಪ್ಪನಾದವನು 'ಹೋಗ್ಬಾ ತಾಯಿ' ಅನ್ನಬೇಕು. ಶಾಸ್ತ್ರದ ಪುಸ್ತಕದಲ್ಲಿ ಅದು ಇಲ್ಲ. ಆದರೂ ಅದೊಂದು ಮಾತಾಗದೆ ಯಾವ ಹುಡುಗಿಯೂ ಗಾಡಿ ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಅಕ್ಕ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಂದು ಸಂಜೆ ಮಾತ್ರ, ಅಪ್ಪ ಇಲ್ಲದಾಗ, ಅಪ್ಪನ ದನಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಬಿಡೋಣ ಅಂದಳು.

ಟೇಪ್ ರೆಕಾರ್ಡರ್ ಇರಲಿಲ್ಲವಾ ಅಂತ ನಿಮ್ಮಲ್ಲಿ ಜಾಣರು ಕೇಳಬಹುದು. ಇತ್ತು. ನಮ್ಮಜ್ಜಿ ಹಾಡಿದ್ದ ಶೋಭಾನೆಯ ಕ್ಯಾಸೆಟ್ಟನ್ನು ಅದು ಒಂದು ದಿನ ನುಂಗಿತ್ತು. ಹೊಟ್ಟೆಯಿಂದ ಕಂದು ಬಣ್ಣದ ಶಾವಿಗೆ ಎಳೆದು ಎಳೆದು ತೆಗೆದೆವು. ಅಜ್ಜಿ ಆಗಲೇ ತೀರಿಹೋಗಿದ್ದಳು, ಮತ್ತೆ ಹಾಡುವವರಿರಲಿಲ್ಲ. ಅಂದಿನಿಂದ ಆ ಯಂತ್ರ ಕೆಟ್ಟು ಅಟ್ಟ ಸೇರಿತ್ತು, ಅಕ್ಕನಿಗೆ ಟೇಪ್ ಅಂದರೆ ನಂಬಿಕೆ ಹೋಗಿತ್ತು. ಕಂಪ್ಯೂಟರಿನಲ್ಲಿಟ್ಟ ದನಿ ಸವೆಯುವುದಿಲ್ಲ, ಹರಿಯುವುದಿಲ್ಲ, ಎಷ್ಟು ಸಲ ಕೇಳಿದರೂ ಮೊದಲ ಸಲದ ಹಾಗೇ ಇರುತ್ತದೆ ಎಂದು ಅವಳ ಮೇಷ್ಟ್ರು ಹೇಳಿದ್ದರು. ಒಂದು ಫ್ಲಾಪಿಯಲ್ಲಿ, ಅಂದರೆ ಅಂಗೈಯಗಲದ ಒಂದು ಕಪ್ಪು ಚಪ್ಪಟೆ ಬಿಲ್ಲೆಯಲ್ಲಿ, ಒಂದೆರಡು ನಿಮಿಷದ ಮಾತು ಹಿಡಿಸುತ್ತದಂತೆ. ಅಕ್ಕ ಒಂದು ಫ್ಲಾಪಿ ಕೊಂಡು ತಂದು ದೇವರ ಮನೆಯಲ್ಲಿಟ್ಟಳು.

ಅಪ್ಪ, ಅಕ್ಕ, ನಾನು ಶಿವಮೊಗ್ಗಕ್ಕೆ ಹೊರಟಿದ್ದು ವಿಜಯದಶಮಿಯ ಬೆಳಿಗ್ಗೆ. ಹೊಸದೇನೇ ಶುರು ಮಾಡಿದರೂ ಅವತ್ತು ಒಳ್ಳೆಯದಾಗುತ್ತದೆ ಅಂತ ಅಕ್ಕ ಆ ದಿನವನ್ನೇ ಕೇಳಿಕೊಂಡಿದ್ದಳು. ಹಿಂದಿನ ದಿನ ಆಯುಧಪೂಜೆ. ಬಸ್ಸಿನ ಮುಂದೆ ಕಟ್ಟಿದ್ದ ಬಾಳೆಕಂದು ಗಾಳಿಗೆ ಹರಿದು ಪಟಪಟ ಹೊಡೆದುಕೊಳ್ಳುತ್ತಿತ್ತು. ಗಾಜಿನ ತುಂಬ ವಿಭೂತಿ, ಕುಂಕುಮ, ಬಾಡಿದ ಚೆಂಡುಹೂವು. ಡ್ರೈವರ್ ಅದೆಲ್ಲದರ ಸಂದಿಯಿಂದ ಇಣುಕಿ ಬಸ್ ಓಡಿಸುತ್ತಿದ್ದ. ದಾರಿಯುದ್ದಕ್ಕೂ ಅಂಗಡಿಗಳ ಮುಂದೆ ಒಡೆದ ಬೂದುಗುಂಬಳದ ಹೋಳುಗಳು ಕೆಂಪಗೆ ಬಿದ್ದಿದ್ದವು. ಅಪ್ಪ ಬಿಳಿ ಅಂಗಿ ಹಾಕಿಕೊಂಡು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಕಿಟಕಿಯ ಪಕ್ಕ ಕೂತಿದ್ದ. ಕಂಡಕ್ಟರ್ ಬಂದಾಗ ಬಾಯಿ ತೆರೆಯಲಿಲ್ಲ. ಮೂರು ಬೆರಳು ತೋರಿಸಿದ, ಅಷ್ಟೇ. ಮೂರು ದಿನದಿಂದ ಅಪ್ಪ ಹಾಗೇ ಇದ್ದ, ಇದ್ದಷ್ಟು ದನಿಯನ್ನು ಹಬ್ಬಕ್ಕೆ ಎತ್ತಿಟ್ಟ ತುಪ್ಪದ ಹಾಗೆ ಕೂಡಿಡುತ್ತಿದ್ದ.

ಕಂಪ್ಯೂಟರ್ ತರಗತಿ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಕಾಲೊರೆಸಬೇಕು. ಒಳಗೆ ಮೈ ಜುಮ್ಮೆನ್ನುವ ತಂಪು. ಊದುಬತ್ತಿ, ಫಿನಾಯಿಲು, ಬಿಸಿ ಪ್ಲಾಸ್ಟಿಕ್ಕು ಮೂರೂ ಸೇರಿದ ವಾಸನೆ. ಗೋಡೆಗುಂಟ ಸಾಲಾಗಿ ಕಂಪ್ಯೂಟರುಗಳು, ಪ್ರತಿ ಪರದೆಯ ಹಣೆಗೂ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಒಂದೊಂದು ಮೌಸಿನ ಬೆನ್ನ ಮೇಲೂ ಒಂದು ಚೆಂಡುಹೂವು. ಸ್ನಾನ ಮಾಡಿ ಶಾಲೆಗೆ ಹೊರಟ ಮಕ್ಕಳ ಹಾಗೆ ಕಾಣುತ್ತಿದ್ದವು. ಪೂಜೆಗೆ ಮುಂಚೆ ಎಲ್ಲವನ್ನೂ ಬಿಚ್ಚಿ, ಬೆನ್ನಿನ ವೈರುಗಳನ್ನೆಲ್ಲ ಕಳಚಿ, ಬ್ರಷ್ ಹಾಕಿ ದೂಳು ತೆಗೆದು, ಒದ್ದೆಬಟ್ಟೆಯಲ್ಲಿ ಒರೆಸಿ, ಮತ್ತೆ ಜೋಡಿಸಿದ್ದು ಕಲಿಯುವ ಹುಡುಗ ಹುಡುಗಿಯರೇ. ಮಾತು ಹಿಡಿಯುವ ಶಕ್ತಿ ಮೂಲೆಯ ಒಂದು ಕಂಪ್ಯೂಟರಿಗೆ ಮಾತ್ರ ಇತ್ತು. ಅದನ್ನು ಬೇರೆಯವರಿಗೆ ಮುಟ್ಟಲು ಬಿಡದೆ ಅಕ್ಕನೇ ತೊಳೆದು ಬೆಳಗಿದ್ದಳು.

ಮೇಷ್ಟ್ರು ತೆಳ್ಳಗಿನ ಯುವಕ. ಅಪ್ಪನನ್ನು ಕಂಡು ಎದ್ದು ನಿಂತು, ಬನ್ನಿ ಎಲೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದರು. ಮೊದಲು ನಮಗೆಲ್ಲ ತೋರಿಸಿದರು. ಕೀಬೋರ್ಡಿನ ಗುಂಡಿ ಒತ್ತಿದರೆ ಪರದೆಯಲ್ಲಿ ಅಕ್ಷರ ಮೂಡಿತು. ಮೌಸು ಜರುಗಿಸಿದರೆ ಒಂದು ಬಾಣ ಓಡಿತು. ಅದರ ಹೊಟ್ಟೆ ತಿರುವಿ ತೆಗೆದರೆ ಒಳಗೆ ರಬ್ಬರಿನ ಗುಂಡು. ಪ್ರಿಂಟರಿಗೆ ಹೇಳಿದಾಗ ಅದು ಹಲ್ಲು ಕಡಿಯುತ್ತಾ 'ಚೀಂ ಚೀಂ ಚರ್ರ್' ಅಂತ ಒಂದೊಂದೇ ಸಾಲು ಕಕ್ಕಿತು. ನಾನು ಅದನ್ನು ಕೂಡಲೇ ಮಾಡಿ ತೋರಿಸಿದೆ. ಮೇಷ್ಟ್ರು ಬೆಚ್ಚಿ ಪ್ರಿಂಟರಿನ ಕಡೆ ತಿರುಗಿದರು. ಅಪ್ಪನ ಭುಜ ಕುಣಿಯಿತು. ಅವನ ನಗು ಆಗಲೇ ಸದ್ದು ಕಳೆದುಕೊಂಡಿತ್ತು.

ಆಮೇಲೆ ಅಪ್ಪನನ್ನು ಮೂಲೆಯ ಕಂಪ್ಯೂಟರಿನ ಮುಂದೆ ಕೂರಿಸಿದರು. ಮುಂದೆ ಒಂದು ಪುಟ್ಟ ಮೈಕು, ಅದರ ತಲೆಗೂ ಕುಂಕುಮ. ಪರದೆಯಲ್ಲಿ ಕಪ್ಪು ಚೌಕ, ಅದರಲ್ಲಿ ಅಡ್ಡಲಾಗಿ ಒಂದು ಹಸಿರು ಗೆರೆ. ಮಾತು ಒಳಗೆ ಹೋದರೆ ಆ ಗೆರೆ ಅಲೆಯಾಗುತ್ತದೆ, ಅದನ್ನೇ ನೋಡುತ್ತಿರಬೇಕು ಎಂದು ಮೇಷ್ಟ್ರು ಹೇಳಿದರು. ಪಕ್ಕದಲ್ಲಿ ದೊಡ್ಡ ಹೆಡ್‌ಫೋನ್ ಇತ್ತು. ನಾನು ಬಿಡುತ್ತೇನೆಯೇ? ಎತ್ತಿ ತಲೆಗೆ ಹಾಕಿಕೊಂಡೆ. ಅದು ನನ್ನ ತಲೆಗೆ ನಿಲ್ಲದೆ ಜಾರಿ ಗದ್ದದ ಕೆಳಗೆ ಬಂದು ಕೂತಿತು. ಎಮ್ಮೆಯ ಕೊರಳಿನ ಗಂಟೆಯ ಹಾಗೆ ಅದನ್ನು ನೇತುಹಾಕಿಕೊಂಡು ಅಪ್ಪನ ಪಕ್ಕ ನಿಂತೆ.

ಅಪ್ಪ ಗಂಟಲು ಸರಿ ಮಾಡಿಕೊಂಡು ಸಭೆಯಲ್ಲಿ ಮಾತಾಡುವವನ ಹಾಗೆ ನಮಸ್ಕಾರ ಅಂತ ಶುರು ಮಾಡಿದ. ಅಕ್ಕ ತಡೆದಳು. "ಭಾಷಣ ಬೇಡ ಅಪ್ಪ. ದಿನಾ ಮನೇಲಿ ಹೆಂಗೆ ಮಾತಾಡ್ತೀಯೋ ಹಂಗೆ ಮಾತಾಡು." ಅಪ್ಪ ಕುತ್ತಿಗೆಯ ಮಫ್ಲರ್ ಸಡಿಲಿಸಿಕೊಂಡ. ಆಮೇಲೆ ಕಣ್ಣು ಮುಚ್ಚಿಕೊಂಡು ಮನೆಗೆ ಬಂದ.

ಹೌದು, ಕೂತಲ್ಲೇ ಮನೆಗೆ ಬಂದುಬಿಟ್ಟ. ಶಿಫ್ಟು ಮುಗಿಸಿ ಸೈಕಲ್ ಇಳಿದು, ಬಾಗಿಲಿಂದಲೇ ಅಕ್ಕನನ್ನು ಕರೆದ. ನೀರು ಕೇಳಿದ. ಗೇಟಿನೊಳಗೆ ಕತ್ತು ಹಾಕಿದ ಬೀದಿ ದನವನ್ನು ಗದರಿಸಿದ. ಇವತ್ತೇನು ಸಾರು ಅಂತ ಅಮ್ಮನನ್ನು ಕೇಳಿ, ಮತ್ತೆ ಹುರುಳಿಯಾ ಅಂತ ಗೊಣಗಿದ. ನನ್ನ ಲೆಕ್ಕದ ಪುಸ್ತಕ ಎಲ್ಲಿ ಅಂತ ವಿಚಾರಿಸಿದ. ಆ ಕರಕರ ದನಿಯಲ್ಲಿ ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಮೇಲೆತ್ತುತ್ತಿದ್ದ. ಕುತ್ತಿಗೆಯ ನರ ಉಬ್ಬಿಕೊಂಡಿತ್ತು. ಹಸಿರು ಗೆರೆ ಸಣ್ಣಗೆ ಅಲೆಯಾಗಿ ಕುಣಿಯುತ್ತಿತ್ತು, ಅದನ್ನು ಕಂಡು ಅಕ್ಕನ ಮುಖ ಅರಳುತ್ತಿತ್ತು. ನನ್ನ ತುಟಿ ಎಂದಿನಂತೆ ಅಪ್ಪನ ಹಿಂದೆ ಹಿಂದೆ ಪಿಸುಗುಡುತ್ತಾ ಓಡುತ್ತಿತ್ತು. ಕೊನೆಗೊಮ್ಮೆ ಅಪ್ಪ ಕಣ್ಣು ತೆರೆದು ಅಕ್ಕನನ್ನು ನೋಡಿದ.

"ಹೋಗ್ಬಾ ತಾಯಿ. ಹುಷಾರು. ಹೂಂ."

ಅಷ್ಟು ಹೇಳಿ ಕುರ್ಚಿಗೆ ಒರಗಿದ. ಹಣೆಯಲ್ಲಿ ಆ ತಂಪಿನಲ್ಲೂ ಬೆವರು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಮೇಷ್ಟ್ರು ಗುಂಡಿ ಒತ್ತಿ ನಿಲ್ಲಿಸಿ, ಈಗ ಕೇಳೋಣ ಅಂತ ಹೆಡ್‌ಫೋನನ್ನು ನನ್ನ ಕೊರಳಿಂದ ಬಿಡಿಸಿ ಅಕ್ಕನಿಗೆ ಕೊಟ್ಟರು. ಅಕ್ಕ ಕಿವಿಗಿಟ್ಟುಕೊಂಡಳು. ಏನೂ ಕೇಳಿಸಲಿಲ್ಲ. ಪರದೆಯಲ್ಲಿ ಗೆರೆ ಕುಣಿಯುತ್ತಿದೆ, ಕಿವಿಯಲ್ಲಿ ಮಾತ್ರ ಸದ್ದಿಲ್ಲ. ಮೇಷ್ಟ್ರು ಕಂಪ್ಯೂಟರಿನ ಬೆನ್ನಿಗೆ ಟಾರ್ಚ್ ಬಿಟ್ಟು ನೋಡಿದರು. ಬಗ್ಗಿದವರು ಬಹಳ ಹೊತ್ತು ಏಳಲೇ ಇಲ್ಲ.

ಕಂಪ್ಯೂಟರಿನ ಬೆನ್ನಲ್ಲಿ ಅಕ್ಕಪಕ್ಕ ಪುಟ್ಟ ತೂತುಗಳಿದ್ದವು. ಒಂದು ಮೈಕಿನದು, ಒಂದು ಹೆಡ್‌ಫೋನಿನದು. ನೋಡಲು ಎರಡೂ ಒಂದೇ. ಎರಡು ವೈರಿನ ತುದಿಗಳೂ ಒಂದೇ. ಯಾವುದು ಯಾವುದೆಂದು ತಗಡಿನ ಮೇಲೆ ಕೆತ್ತಿದ ಗುರುತು ಅಕ್ಕಿಕಾಳಿನಷ್ಟೂ ಇರಲಿಲ್ಲ. ಪೂಜೆಗೆಂದು ಎಲ್ಲವನ್ನೂ ಕಳಚಿ ತೊಳೆದು ಮತ್ತೆ ಜೋಡಿಸುವಾಗ ಅಕ್ಕ ಅದನ್ನು ಅದಲುಬದಲು ಮಾಡಿದ್ದಳು. ಮೈಕು ಮಾತು ಹೊರಗೆ ಬರುವ ತೂತಿಗೆ ಹೋಗಿತ್ತು. ಅದು ಬರಿದೇ ಅಪ್ಪನ ಮುಂದೆ ಕುಂಕುಮ ಇಟ್ಟುಕೊಂಡು ಕೂತಿತ್ತು. ಹೆಡ್‌ಫೋನು ಮಾತು ಒಳಗೆ ಹೋಗುವ ತೂತಿಗೆ ಬಂದಿತ್ತು. ಹೆಡ್‌ಫೋನೂ ಮೈಕೂ ಹತ್ತಿರದ ನೆಂಟರು, ಎರಡರ ಒಳಗೂ ನಡುಗುವ ಒಂದು ತೆಳು ಪರದೆ ಇರುತ್ತದೆ, ಹೀಗೆ ತಿರುವಿ ಹಾಕಿದರೆ ಹೆಡ್‌ಫೋನೇ ಕಿವಿಯಾಗಿ ಕೇಳಿಸಿಕೊಳ್ಳುತ್ತದೆ ಎಂದು ಮೇಷ್ಟ್ರು ತಗ್ಗಿದ ದನಿಯಲ್ಲಿ ಹೇಳಿದರು. ಹೇಳುತ್ತಲೇ ವೈರುಗಳನ್ನು ಸರಿಯಾದ ತೂತಿಗೆ ಹಾಕಿ ಮತ್ತೆ ಗುಂಡಿ ಒತ್ತಿದರು.

ಅಕ್ಕನ ಮುಖದಲ್ಲಿ ಮೊದಲು ಸಂತೋಷ ಬಂತು, ಆಮೇಲೆ ಅರ್ಥವಾಗದ ಗಲಿಬಿಲಿ, ಆಮೇಲೆ ಏನೂ ಉಳಿಯಲಿಲ್ಲ. ಅವಳು ಹೆಡ್‌ಫೋನನ್ನು ತೆಗೆದು ಅಪ್ಪನ ಕಿವಿಗೆ ಹಾಕಿದಳು. ಅಪ್ಪ ಕೇಳುತ್ತಾ ಕೇಳುತ್ತಾ ನನ್ನ ಕಡೆ ತಿರುಗಿದ. ಕೊನೆಗೆ ನನ್ನ ಸರದಿ. ದೂರದಿಂದ, ಹತ್ತಿ ತುಂಬಿದ ಬಾಯಿಂದ ಬಂದ ಹಾಗೆ ಒಂದು ಪಿಸುಮಾತು. ಸೈಕಲ್ ಇಳಿದು ಅಕ್ಕನನ್ನು ಕರೆಯಿತು. ನೀರು ಕೇಳಿತು. ದನವನ್ನು ಗದರಿಸಿತು. ಅದೇ ಎಳೆತ, ಅದೇ ನಿಲುಗಡೆ. ಹೋಗ್ಬಾ ತಾಯಿ, ಹುಷಾರು, ಹೂಂ. ಅಪ್ಪನ ಮಾತೆಲ್ಲ ಇತ್ತು, ಒಂದೂ ಬಿಟ್ಟಿರಲಿಲ್ಲ. ದನಿ ಮಾತ್ರ ನನ್ನದು. ಗದ್ದದ ಕೆಳಗೆ ನೇತಾಡುತ್ತಿದ್ದ ಆ ದೊಡ್ಡ ಹೆಡ್‌ಫೋನು ಹತ್ತಿರದಲ್ಲಿದ್ದ ನನ್ನ ಪಿಸುಗುಟ್ಟುವಿಕೆಯನ್ನು ಹಿಡಿದು, ಆಚೆ ಕೂತಿದ್ದ ಅಪ್ಪನ ಸೋತ ದನಿಯನ್ನು ಬಿಟ್ಟುಬಿಟ್ಟಿತ್ತು. ನಾವು ನೋಡಿ ಹಿಗ್ಗಿದ ಹಸಿರು ಅಲೆ ನನ್ನ ತುಟಿಯದು.

ಇನ್ನೊಂದು ದಿನವಾಗಿದ್ದರೆ ಇದನ್ನು ನಾನು ಊರೆಲ್ಲ ಹೇಳಿಕೊಂಡು ಕುಣಿಯುತ್ತಿದ್ದೆ. ಅಪ್ಪನಿಗೂ ಹಾಗೇ ಅನ್ನಿಸಿರಬೇಕು, ಅವನ ಭುಜ ಮತ್ತೆ ಕುಣಿಯಿತು. ಅಕ್ಕ ನಗಲಿಲ್ಲ. ನೆಲದ ಮೇಲೆ ಅಪ್ಪನ ಮೊಣಕಾಲಿನ ಹತ್ತಿರ ಕೂತುಬಿಟ್ಟಳು.

"ಇನ್ನೊಂದ್ಸಲ ಅಪ್ಪ. ಎಲ್ಲಾ ಬೇಡ. ಅದೊಂದೇ ಮಾತು."

ಮೇಷ್ಟ್ರು ಗುಂಡಿ ಒತ್ತಿದರು. ಅಪ್ಪ ಮೈಕಿನ ಹತ್ತಿರ ಬಗ್ಗಿದ. ತುಟಿ 'ಹೋಗ್ಬಾ' ಅನ್ನುವ ಆಕಾರಕ್ಕೆ ತೆರೆಯಿತು. ಕುತ್ತಿಗೆ ಕೆಂಪಾಯಿತು. ಬಂದದ್ದು ಗಾಳಿ ಮಾತ್ರ. ಮತ್ತೆ ಉಸಿರು ಎಳೆದುಕೊಂಡ, ಮತ್ತೆ ಗಾಳಿ. ಹಸಿರು ಗೆರೆ ನಿಂತ ನೀರಿನ ಮೇಲೆ ಸೊಳ್ಳೆ ಕೂತಷ್ಟು ಅಲುಗಿತು. ಈ ಸಲ ನಾನು ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದೆ. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಾದದ್ದು ಅವತ್ತೇ. ಬಹಳ ಹೊತ್ತು ಹಾಗೇ ನಡೆಯಿತು. ಕೊನೆಗೆ ಅಪ್ಪ ಕೈ ಎತ್ತಿ ಮುಷ್ಟಿ ಬಿಗಿದ. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ, ನಿಲ್ಲಿಸಿ ಅಂತಿದಾನೆ ಅಂತ.

ಈಗ ಎರಡು ಧ್ವನಿಮುದ್ರಣಗಳಿದ್ದವು, ಫ್ಲಾಪಿ ಒಂದೇ. ಅದರಲ್ಲಿ ಯಾವುದಾದರೂ ಒಂದೇ ಹಿಡಿಸುತ್ತಿತ್ತು. ಹಬ್ಬವಾದ್ದರಿಂದ ಫ್ಲಾಪಿ ಮಾರುವ ಅಂಗಡಿ ಮುಚ್ಚಿತ್ತು. ಕಂಪ್ಯೂಟರಿನಲ್ಲೇ ಬಿಡೋಣವೆಂದರೆ ಅದರ ಹೊಟ್ಟೆ ಆಗಲೇ ತುಂಬಿತ್ತು. ಮಾರನೆಯ ದಿನದ ಪಾಠಕ್ಕೆ ಎಲ್ಲ ಅಳಿಸಬೇಕಿತ್ತು. ಅಪ್ಪ ನನ್ನನ್ನು ತೋರಿಸಿ, ತೋಳೆತ್ತಿ, ಬೆರಳನ್ನು ಗಾಳಿಯಲ್ಲಿ ಸುತ್ತಿದ. ಅದನ್ನೇ ಎತ್ತಿಕೋ ಅಂತ. ಎಲ್ಲ ಮಾತೂ ಇರುವುದು ಅದರಲ್ಲೇ, ಅದನ್ನೇ ಇಟ್ಟುಕೋ ಅಂತ. ಅಕ್ಕ ಅಪ್ಪನ ಮಾತನ್ನು ಮೀರಿದವಳಲ್ಲ. ಅವತ್ತು ಮೀರಿದಳು.

"ಇದು ಇವನ ದನಿ ಅಪ್ಪ. ಇವ್ನು ನಾಳೆನೂ ಮಾತಾಡ್ತಾನೆ."

ಅಕ್ಕ ಫ್ಲಾಪಿಯನ್ನು ತಾನೇ ಒಳಗೆ ತಳ್ಳಿದಳು. ಕಂಪ್ಯೂಟರ್ ಚಕ್ಕುಲಿ ಅಗಿಯುವ ಮುದುಕಿಯ ಹಾಗೆ ಕುರುಕುರು ಅನ್ನುತ್ತಾ ಅಪ್ಪನ ಉಸಿರನ್ನು ಅದರೊಳಗೆ ಇಳಿಸಿಕೊಂಡಿತು. ನನ್ನ ಪಿಸುಮಾತನ್ನು ಮೇಷ್ಟ್ರು ಅಳಿಸಿದರು.

ಬಸ್ಸಿನಲ್ಲಿ ವಾಪಸು ಬರುವಾಗ ಅಕ್ಕ ಅಪ್ಪನ ಪಕ್ಕ ಕೂತು ಪಾಠ ಒಪ್ಪಿಸುವವಳ ಹಾಗೆ ಬೆರಳು ಮಡಚುತ್ತಾ ಗೊಣಗುತ್ತಿದ್ದಳು. ಮೈಕು ಒಳಗೆ, ಹೆಡ್‌ಫೋನು ಹೊರಗೆ. ಮೈಕು ಒಳಗೆ, ಹೆಡ್‌ಫೋನು ಹೊರಗೆ. ಇಡೀ ತರಗತಿಯಲ್ಲಿ ಆ ಪಾಠ ಅವಳಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಅಪ್ಪ ಅವಳ ಮಡಚಿದ ಬೆರಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಅವಳು ಮತ್ತೆ ಮಡಚುತ್ತಿದ್ದಳು. ನಾನು ಹಿಂದಿನ ಸೀಟಿನಲ್ಲಿದ್ದೆ. 'ರೈಟ್' ಅಂತ ಕಂಡಕ್ಟರ್ ಮೂಗಿನಲ್ಲಿ ಎಳೆದ. ನಾನು ಎಳೆಯಲಿಲ್ಲ.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಆಯಿತಾ ಅಂತ ಕೇಳಿದಳು. ಅಕ್ಕ ಫ್ಲಾಪಿಯನ್ನು ಅವಳ ಕೈಗಿಟ್ಟಳು. ಅಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಅದನ್ನು ಮಾತಾಡಿಸುವ ಯಂತ್ರ ನಮ್ಮ ಮನೆಯಲ್ಲಿರಲಿಲ್ಲ. ನಮ್ಮ ಬೀದಿಯಲ್ಲೂ ಇರಲಿಲ್ಲ. ಅಪ್ಪ ಅವತ್ತು ಸಂಜೆ ನೀರು ಬೇಕೆಂದು ಲೋಟ ತೋರಿಸಿದ. ಮಾರನೆಯ ದಿನ ಆಸ್ಪತ್ರೆಯ ಬಸ್ಸು ಹತ್ತಿದ.

ಜೀವ ಉಳಿಯಿತು. ಕುತ್ತಿಗೆಯಲ್ಲೊಂದು ತೂತು, ಅದರ ಮೇಲೆ ತೆಳುಬಟ್ಟೆ. ಮಾತಿನ ಬದಲು ಕ್ರೇನಿನ ಸನ್ನೆಗಳು ಮನೆಗೆ ಬಂದವು. ಇನ್ನಷ್ಟು ಅನ್ನ ಬೇಕಾದರೆ ಬೆರಳು ನೆಲದ ಕಡೆ ಸುತ್ತುತ್ತಿತ್ತು, ಸಾಕಾದರೆ ಮುಷ್ಟಿ. ಅಮ್ಮ ಸೌಟು ಹಿಡಿದ ಕ್ರೇನ್ ಡ್ರೈವರ್ ಆಗಿಬಿಟ್ಟಳು. ಮದುವೆಯ ದಿನ ಅಕ್ಕ ಹೊರಟು ನಿಂತಾಗ ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದು, ಕೆಲಸದ ಜಾಗದಲ್ಲಿ ನಿಲ್ಲುವ ಹಾಗೆ ಕಾಲಗಲಿಸಿ ನಿಂತು, ಬಲಗೈ ಮೇಲೆತ್ತಿ, ಬೆರಳನ್ನು ನಿಧಾನವಾಗಿ, ತುಂಬ ನಿಧಾನವಾಗಿ ಸುತ್ತಿದ. ನೆಂಟರಿಗೆ ಅದೇನೆಂದು ಗೊತ್ತಾಗಲಿಲ್ಲ. ಕಾರ್ಖಾನೆಯಿಂದ ಬಂದಿದ್ದ ಅಪ್ಪನ ಜೊತೆಗಾರರು ಮಾತ್ರ ಮುಖ ಆಚೆ ತಿರುಗಿಸಿದರು. ಒಡೆಯುವಂಥ ಸಾಮಾನು ಎತ್ತುವಾಗ ಕೊಡುವ ಸನ್ನೆ ಅದು. ಅಕ್ಕ ಅದನ್ನು ನೋಡುತ್ತಾ ಗಾಡಿ ಹತ್ತಿದಳು.

ಫ್ಲಾಪಿ ಅವಳ ಜೊತೆ ಹೊಳಲೂರಿಗೆ ಹೋಯಿತು. ಅವರ ಮನೆಗೆ ಕಂಪ್ಯೂಟರ್ ಬರುವ ಹೊತ್ತಿಗೆ ಫ್ಲಾಪಿ ಹಾಕುವ ಬಾಯಿಯೇ ಕಂಪ್ಯೂಟರುಗಳಿಗೆ ಇರಲಿಲ್ಲ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಹಳೆಯ ಯಂತ್ರ ಹುಡುಕಿಸಿ ಹಾಕಿ ನೋಡಿದೆವು. ಒಳಗೆ ಬೂಷ್ಟು ಹಿಡಿದು ಎಲ್ಲ ಹೋಗಿತ್ತು. ಅಪ್ಪನೂ ಆಗ ಇರಲಿಲ್ಲ. ಅಪ್ಪನ ಹಾಗೆ ಮಾಡಿ ತೋರಿಸು ಅಜ್ಜ ಅಂತ ನೀವು ಕೇಳುತ್ತೀರಿ. ಹೆಡ್‌ಮೇಷ್ಟ್ರು, ಕಂಡಕ್ಟರ್, ನಿಮ್ಮಪ್ಪ, ಯಾರನ್ನು ಬೇಕಾದರೂ ಕೇಳಿ, ಮಾಡುತ್ತೇನೆ. ಮೀಸೆ ಬರುವ ವಯಸ್ಸಿನಲ್ಲಿ ನನ್ನ ದನಿ ಒಡೆದಾಗ ಅಪ್ಪನದೆಂದು ನಾನು ಇಟ್ಟುಕೊಂಡಿದ್ದ ಆ ಪಿಸುಮಾತೂ ಒಡೆದುಹೋಯಿತು. ಈಗ ಮಾಡಲು ಹೋದರೆ ಅದು ಅಪ್ಪನೋ, ಅಪ್ಪನ ಹಾಗೆ ಮಾಡುತ್ತಿದ್ದ ನಾನೋ ನನಗೇ ತಿಳಿಯುವುದಿಲ್ಲ.

ನಿಮ್ಮ ಕಾಲದ ಸಾಮಾನೇ ಬೇರೆ. ವಿನೋಬನಗರದ ನಿಮ್ಮ ಮನೆಯಲ್ಲಿ ನೀವು ಕೈಯಲ್ಲಿ ಹಿಡಿದು ತಿರುಗುವ ಆ ಗಾಜಿನ ತುಂಡಿಗೆ ಬೆನ್ನಲ್ಲಿ ತೂತುಗಳಿಲ್ಲ, ಅದಲುಬದಲಾಗಲು ವೈರುಗಳಿಲ್ಲ. ಅದೇ ಕೀಬೋರ್ಡು, ಅದೇ ಪರದೆ, ಅದೇ ಮೈಕು, ಅದೇ ಸ್ಪೀಕರು. ಅಕ್ಕನಿಗೆ ಅದರಲ್ಲಿ ಅಕ್ಷರ ಒತ್ತುವುದು ಕಷ್ಟ. ಹಾಗಾಗಿ ಹೊಳಲೂರಿನಿಂದ ದಿನಾ ಬೆಳಿಗ್ಗೆ ಮನೆಯವರ ಗುಂಪಿಗೆ ಮಾತಾಡಿಯೇ ಕಳಿಸುತ್ತಾಳೆ. ಉದ್ದುದ್ದ ಮಾತು. ನೀವು ಅದನ್ನು ಎರಡು ಪಟ್ಟು ಓಡಿಸಿ ಕೇಳುತ್ತೀರಿ, ಅಳಿಲು ಜಗಳವಾಡಿದ ಹಾಗೆ ಕೇಳಿಸುತ್ತದೆ. ಮೊದಲ ಸಲ ಕೇಳಿದಾಗ ನಾನೂ ಅದನ್ನು ಮಾಡಿ ತೋರಿಸಿ ನಿಮ್ಮನ್ನು ನಗಿಸಿದ್ದೆ.

ಮೊನ್ನೆ ಭಾನುವಾರ ನೀವು ನಮ್ಮ ಮನೆಗೆ ಬಂದಿದ್ದಾಗ ಫೋನಿನಲ್ಲಿ ಜಾಗ ಸಾಲುತ್ತಿರಲಿಲ್ಲ. ನಿಮ್ಮಲ್ಲಿ ಚಿಕ್ಕವನು ಹೆಬ್ಬೆರಳು ಆಡಿಸಿ, ಅಜ್ಜಿ ಕಳಿಸಿದ್ದನ್ನೆಲ್ಲ ಒಟ್ಟಿಗೇ ಅಳಿಸಿದ. ನನ್ನ ಮುಖ ನೋಡಿ ಏನನ್ನಿಸಿತೋ, ಸಮಾಧಾನ ಮಾಡಿದ.

"ಬಿಡು ಅಜ್ಜ, ಅಜ್ಜಿ ನಾಳೆ ಮತ್ತೆ ಕಳಿಸ್ತಾಳಲ್ಲ."

ಅವನು ಹೇಳಿದ್ದು ಸುಳ್ಳಲ್ಲ. ಮಾರನೆಯ ಬೆಳಿಗ್ಗೆ ಅಕ್ಕ ಕಳಿಸಿದ್ದಳು. ಹುಡುಗರು ಊರು ಮುಟ್ಟಿದರಾ, ದೋಸೆಹಿಟ್ಟು ಹುಳಿ ಬಂತಾ, ಇಲ್ಲಿ ಮೋಡ ಇದೆ, ಅಷ್ಟೇ ಸುದ್ದಿ. ಜನ್ನಾಪುರದ ಜಗುಲಿಯ ಮೇಲೆ ಕೂತು ನಾನು ಅದನ್ನು ಕೊನೆಯ ತನಕ ಕೇಳಿದೆ, ಅಕ್ಕ ಎಷ್ಟು ನಿಧಾನವಾಗಿ ಹೇಳಿದ್ದಳೋ ಅಷ್ಟೇ ನಿಧಾನವಾಗಿ.